ಕಟ್ಟಡವಿಲ್ಲದ ಊರು, ಹತ್ತು ಜನರಿಲ್ಲದ ಕಟ್ಟಡ

ಚಾಮರಾಜಪೇಟೆಯಲ್ಲಿ ಗುಡಿ, ಮಸೀದಿ, ಚರ್ಚು ಎಲ್ಲಿ ಎಂದು ಕೇಳಿದರೆ ಆಟೋದವರು ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಾರೆ. ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಎಲ್ಲಿ ಎಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. 1892ರಲ್ಲಿ ಚಾಮರಾಜಪೇಟೆ, ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ಎಂದು ಬೆಳೆಯುತ್ತ ಹೋದ ಬೆಂಗಳೂರಲ್ಲಿ ಯೆಹೂದಿಗಳು ಬಾಳಿದರು, ವ್ಯಾಪಾರ ಮಾಡಿದರು, ಇಲ್ಲೇ ಮಣ್ಣಾದರು. ಪ್ರಾರ್ಥನೆಗೆಂದು ಸಿನಗಾಗ್ ಮಾತ್ರ ಕಟ್ಟಲಿಲ್ಲ.

ಅವರ ಗುರುತು ಬೇಕೆಂದರೆ ಮೈಸೂರು ರಸ್ತೆಯ ಗೋರಿಪಾಳ್ಯಕ್ಕೆ ಹೋಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗದಲ್ಲಿ ಯೆಹೂದಿಗಳ ಪುಟ್ಟ ಸ್ಮಶಾನವಿದೆ. ಸಮಾಧಿಯ ಮೇಲೆ ಹೂವಿಡುವ ಬದಲು ಸಣ್ಣದೊಂದು ಕಲ್ಲಿಟ್ಟು ಬರುವುದು ಅವರ ಪದ್ಧತಿ. ಹೂವು ಸಂಜೆಗೆ ಬಾಡುತ್ತದೆ, ಕಲ್ಲು ಬಾಡುವುದಿಲ್ಲ.

ಸಿನಗಾಗ್ ಇಲ್ಲದೆ ಪ್ರಾರ್ಥನೆ ಹೇಗೆ? ಬಸವನಗುಡಿಯವರಿಗೆ ಇದು ಸಹಜವಾದ ಪ್ರಶ್ನೆ. ದೊಡ್ಡ ಬಸವಣ್ಣ ಏಕಶಿಲೆಯಾಗಿ ಕೂತಲ್ಲಿಂದ ಕದಲುವುದಿಲ್ಲ, ಗುಡಿಯೇ ಅವನಿದ್ದಲ್ಲಿಗೆ ಬರಬೇಕು. ಯೆಹೂದಿಗಳಲ್ಲಿ ಮೂರ್ತಿಯೇ ಇಲ್ಲ. ಚರ್ಮದ ಸುರುಳಿಯ ಮೇಲೆ ಕೈಯಲ್ಲಿ ಬರೆದ ಧರ್ಮಗ್ರಂಥ ತೋರಾ, ಸಾಮೂಹಿಕ ಪ್ರಾರ್ಥನೆಗೆ ವಾಡಿಕೆಯಂತೆ ವಯಸ್ಸಿಗೆ ಬಂದ ಹತ್ತು ಗಂಡಸರು, ಜೆರುಸಲೇಮಿನ ಕಡೆಗೆ, ಅಂದರೆ ನಮ್ಮಲ್ಲಿ ಪಡುವಣಕ್ಕೆ, ತಿರುಗಿದ ಮುಖ. ಇಷ್ಟಿದ್ದರೆ ಯಾರ ಮನೆಯ ನಡುಮನೆಯಾದರೂ ಸರಿ. ಬೆಂಗಳೂರಿನಲ್ಲೂ ಆದದ್ದು ಹಾಗೆಯೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆ ಅಂಗಡಿ ನಡೆಸಿದ, ಬಾಗ್ದಾದ್ ಮೂಲದ ರೂಬಿನ್ ಮೋಸಸ್ ಅವರ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತು.

ಕಟ್ಟಡವನ್ನೇ ನೋಡಬೇಕೆಂಬ ಚಪಲದವರು ರಾತ್ರಿ ರೈಲು ಹತ್ತಿ ಆಲುವಾದಲ್ಲಿ ಇಳಿಯುವುದು ಒಳ್ಳೆಯದು. ಅಲ್ಲಿಂದ ಪರವೂರಿನ ಕಡೆಗೆ ಹೋದರೆ ಕೈಮಗ್ಗಕ್ಕೆ ಹೆಸರಾದ ಚೇಂದಮಂಗಲಂ ಎಂಬ ಚಿಕ್ಕ ಊರು ಸಿಗುತ್ತದೆ. ಪ್ರವಾಸಿಗಳು ಮುಗಿಬೀಳುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗಿಗೆ, ಅಲ್ಲಿನ ಚೀನಾ ಹಾಸುಬಿಲ್ಲೆ ಮತ್ತು ಗಾಜಿನ ತೂಗುದೀಪಗಳಿಗೆ. ಅದು ಚೆಂದವೇ, ಆದರೆ ಸ್ವಲ್ಪ ಒಡವೆ ಹೆಚ್ಚಾದ ಮದುಮಗಳಂತೆ. ಕಟ್ಟಡ ತಾನಾಗಿ ಮಾತಾಡುವುದು ಚೇಂದಮಂಗಲಂನಲ್ಲಿ.

ಹೊರಗಿನಿಂದ ನೋಡಿದರೆ ಅಲ್ಲಿನ ಸಿನಗಾಗ್ ಸುಣ್ಣ ಬಳಿದ ದಪ್ಪ ಗೋಡೆಯ, ಹೆಂಚಿನ ಮಾಡಿನ ಮಲಬಾರಿನ ದೊಡ್ಡ ಮನೆ, ಅಷ್ಟೆ. ಒಳಗೆ ಹೋದವರ ಕತ್ತು ತಾನಾಗಿ ಮೇಲೇಳುತ್ತದೆ. ಮರದ ಚಾವಣಿಯ ತುಂಬ ಬಣ್ಣದ ಕಮಲಗಳು. ಇಲ್ಲಿನ ಆಚಾರಿಗಳ ಉಳಿಗೆ ದೇವಸ್ಥಾನದ ಕಮಲವೂ ಒಂದೇ, ಸಿನಗಾಗಿನ ಕಮಲವೂ ಒಂದೇ. ಪಡುವಣ ಗೋಡೆಗೆ ತೋರಾ ಇಡುವ ಕೆತ್ತನೆಯ ಮರದ ಕಪಾಟು, ನಡುವೆ ಓದುವ ವೇದಿಕೆ. ಕೇರಳದ ಯೆಹೂದಿಗಳು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲೇ ಒಳಗೆ ಬರುತ್ತಿದ್ದರು ಎಂದರೆ ಬಸವನಗುಡಿಯವರಿಗೆ ವಿವರಣೆ ಬೇಕಿಲ್ಲ.

ವಿಶೇಷ ಇರುವುದು ಮೇಲೆ. ಸಿನಗಾಗಿನಲ್ಲಿ ಓದುವ ವೇದಿಕೆ ಸಾಮಾನ್ಯವಾಗಿ ಒಂದೇ. ಕೇರಳದಲ್ಲಿ ಎರಡು. ಎರಡನೆಯದು ಮಹಡಿಯಲ್ಲಿ, ಹೆಂಗಸರು ಕೂರುವ ಜಾಗದ ಮುಂದೆಯೇ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಅಲ್ಲಿಂದ ತೋರಾ ಓದುತ್ತಿದ್ದರು. ಜಾಲಂಧ್ರದ ಹಿಂದೆ ಕೂತಿದ್ದ ಹೆಂಗಸರ ಕಿವಿಯ ಹತ್ತಿರಕ್ಕೇ ಗ್ರಂಥ ಬರುತ್ತಿತ್ತು. ಹೆಂಗಸರನ್ನು ಬೇರೆ ಕೂರಿಸುವ ಕಟ್ಟಳೆ ಮುರಿಯದೆ ದೂರವನ್ನಷ್ಟೇ ಕಡಿಮೆ ಮಾಡಿದ ಈ ಏರ್ಪಾಟು ಕೇರಳದವರದೇ ಸ್ವಂತ ಜಾಣ್ಮೆ.

1948ರಲ್ಲಿ ಇಸ್ರೇಲ್ ಹುಟ್ಟಿತು. ಮುಂದಿನ ದಶಕದಲ್ಲಿ ಕೇರಳದ ಯೆಹೂದಿಗಳ ಕೇರಿಗೆ ಕೇರಿಯೇ ಅಲ್ಲಿಗೆ ಹೋಗಲು ಹಡಗು, ವಿಮಾನ ಹತ್ತಿತು. ಬೆಂಗಳೂರಿನಲ್ಲಿ ಜನರಿದ್ದು ಕಟ್ಟಡವಿರಲಿಲ್ಲ. ಚೇಂದಮಂಗಲಂನಲ್ಲಿ ಕಟ್ಟಡವಿದ್ದು ಹತ್ತು ಗಂಡಸರು ಇಲ್ಲವಾದರು. ಪಾಳು ಬೀಳುತ್ತಿದ್ದುದನ್ನು ದುರಸ್ತಿ ಮಾಡಿ 2006ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ದುರಸ್ತಿ ಅಚ್ಚುಕಟ್ಟಾಗಿದೆ. ಬಣ್ಣ ಮಾತ್ರ ನೆನ್ನೆ ಬಳಿದಂತೆ ಕಾಣುತ್ತದೆ ಎಂಬ ಸಣ್ಣ ತಕರಾರು ಯಾರಾದರೂ ಎತ್ತಬಹುದು.

ಹೋದವರು ಚಾವಣಿ ನೋಡುವ ಆತುರದಲ್ಲಿ ನೇರ ಒಳಗೆ ನುಗ್ಗಬೇಡಿ. ಹೊರಗೇ ಒಂದು ಕಲ್ಲು ನಿಂತಿದೆ, ಹೀಬ್ರೂ ಅಕ್ಷರದ್ದು. ಇಸ್ರೇಲ್ ಎಂಬವನ ಮಗಳು ಸಾರಾಳ ಸಮಾಧಿಕಲ್ಲು ಅದು. ಇಸವಿ 1269.