ನೀಲಿಗಡ್ಡದವನ ಆಸ್ತಿ

ಫ್ರಾನ್ಸಿನ ಷಾರ್ಲ್ ಪೆರೊ 1697ರಲ್ಲಿ ಪ್ರಕಟಿಸಿದ ನೀಲಿಗಡ್ಡದವನ ಕಥೆ ಪ್ರಸಿದ್ಧವಾದುದು. ಗಂಡನು ತೆರೆಯಕೂಡದೆಂದ ಕೋಣೆಯನ್ನು ಹೊಸ ಹೆಂಡತಿ ತೆರೆಯುತ್ತಾಳೆ. ಒಳಗೆ ಹಿಂದಿನ ಹೆಂಡಿರ ಶವಗಳು. ಬೀಗದ ಕೈಗೆ ಹತ್ತಿದ ರಕ್ತ ಎಷ್ಟು ತೊಳೆದರೂ ಹೋಗದು. ಸೋದರರು ಸಕಾಲಕ್ಕೆ ಬಂದು ಅವನನ್ನು ಕೊಲ್ಲುತ್ತಾರೆ. ಕಡೆಗೆ ಕುತೂಹಲವನ್ನು ಹಳಿಯುವ ನೀತಿಯೊಂದುಂಟು. ಓದುಗನ ದೃಷ್ಟಿ ಅಲ್ಲಿಯೇ ನಿಲ್ಲುವುದು ಸಹಜ. ಆದರೆ ಅದಕ್ಕೆ ಮುಂಚಿನ ಆಸ್ತಿಯ ವಿಲೇವಾರಿಯನ್ನು ನೋಡಬೇಕು. ವಿಧವೆಯು ಒಂದು ಪಾಲಿನಿಂದ ಸೋದರಿ ಆನ್‌ಳ ಮದುವೆ ಮಾಡಿಸಿ, ಇನ್ನೊಂದರಿಂದ ಸೋದರರಿಗೆ ಕ್ಯಾಪ್ಟನ್ ಹುದ್ದೆಗಳನ್ನು ಕೊಂಡು, ಉಳಿದುದರೊಡನೆ ತಾನೂ ಸಜ್ಜನನೊಬ್ಬನನ್ನು ವರಿಸುತ್ತಾಳೆ. ಬೀಗದ ಕೈಗೆ ಹತ್ತಿದ ರಕ್ತ ಹಣಕ್ಕೆ ಹತ್ತಲಿಲ್ಲ!

1918ರಲ್ಲಿ ಬುಡಾಪೆಸ್ಟಿನಲ್ಲಿ ರಂಗವೇರಿದ ಬಾರ್ಟೋಕನ ಸಂಗೀತನಾಟಕದಲ್ಲಿ ಭಂಡಾರದ ಒಡವೆಗಳ ಮೇಲೆಯೇ ರಕ್ತವಿದೆ. ಏಂಜೆಲಾ ಕಾರ್ಟರ್ 1979ರ ‘ದಿ ಬ್ಲಡಿ ಚೇಂಬರ್’ ಕಥೆಯಲ್ಲಿ ಇನ್ನೂ ಮುಂದೆ ಹೋಗುತ್ತಾಳೆ. ಕುದುರೆಯೇರಿ ರಿವಾಲ್ವರ್ ಹಿಡಿದು ಬರುವ ತಾಯಿಯನ್ನು ಎಲ್ಲರೂ ಮೆಚ್ಚುವರು, ಮೆಚ್ಚತಕ್ಕದ್ದೆ. ಆದರೆ ಕಥೆಯ ಸತ್ತ್ವವಿರುವುದು ಮಗಳ ತಪ್ಪೊಪ್ಪಿಗೆಯಲ್ಲಿ. ಬಡತನದಲ್ಲಿ ಬೆಳೆದ ಅವಳು ಐಶ್ವರ್ಯಕ್ಕೆ ಮನಸೋತವಳು. ಮುಂದೆ ಕೋಟೆ ಅಂಧರ ಶಾಲೆಯಾಗುತ್ತದೆ, ಸಂಪತ್ತಿನ ಬಹುಭಾಗ ದಾನವಾಗುತ್ತದೆ; ಆದರೂ ಗಂಡನು ಆ ಬೀಗದ ಕೈಯನ್ನೊತ್ತಿ ಹಣೆಯಲ್ಲಿ ಮೂಡಿಸಿದ ಕೆಂಪು ಕಲೆ ಅಳಿಯದು. ಅದು ಕೋಣೆ ತೆರೆದುದರ ಕಲೆಯಲ್ಲ. ತನ್ನನ್ನು ಕೊಳ್ಳಗೊಟ್ಟುದರ ಲಜ್ಜೆ. ಪಿಯಾನೊ ಶ್ರುತಿಗೊಳಿಸುವ ಅವಳ ಹೊಸ ಸಂಗಾತಿ ಕುರುಡ. ಅವನು ಅದನ್ನು ಕಾಣಲಾರನೆಂಬುದೇ ಅವಳ ನೆಮ್ಮದಿ. ಕಾರ್ಟರಳ ಗದ್ಯ ಅಲ್ಲಲ್ಲಿ ಅತಿಯಾಗಿ ಸಿಂಗರಿಸಿಕೊಂಡಿದೆಯೆನ್ನದೆ ವಿಧಿಯಿಲ್ಲ; ಈ ನೆಮ್ಮದಿಯನ್ನು ಮಾತ್ರ ಆಕೆ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸಿದ್ದಾಳೆ.