ಸೌಲಭ್ಯ ನೂರು, ಗುಂಡಿ ಹನ್ನೆರಡು

ಕಚೇರಿಯೊಂದಕ್ಕೆ ನೀವು ಫೋನ್ ಮಾಡಿದ್ದೀರಿ. “ಒಂದ್ನಿಮಿಷ ಸಾರ್, ಅಕೌಂಟ್ಸ್‌ಗೆ ಕೊಡ್ತೀನಿ” ಎನ್ನುತ್ತಾರೆ ಅತ್ತಲಿನವರು. ಟಕ್ ಎಂಬ ಸದ್ದು, ಕರೆ ಕಡಿದುಹೋಗುತ್ತದೆ. ‘ಇವರಿಗೆ ಫೋನ್ ಬಳಸಲೂ ಬರುವುದಿಲ್ಲ’ ಎಂದು ನೀವು ಗೊಣಗುತ್ತೀರಿ. ಕೋಪ ಸಹಜವೇ, ಆದರೆ ಅದು ಗುಮಾಸ್ತರ ಮೇಲೆ ತಿರುಗಬೇಕಿಲ್ಲ.

ಕಚೇರಿಯೊಳಗಿನ ಕಿರು ದೂರವಾಣಿ ವಿನಿಮಯ ಕೇಂದ್ರವೇ ಇ.ಪಿ.ಎ.ಬಿ.ಎಕ್ಸ್. ಕರೆಯನ್ನು ಕಾಯಿಸುವುದು, ವರ್ಗಾಯಿಸುವುದು, ಬೇರೆ ಮೇಜಿಗೆ ತಿರುಗಿಸುವುದು, ಮೂವರು ಸೇರಿ ಮಾತಾಡುವುದು – ಹೀಗೆ ಅದರ ಮಾರಾಟ ಪತ್ರದಲ್ಲಿ ಸೌಲಭ್ಯಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಆದರೆ ಸಾಮಾನ್ಯ ಫೋನಿನಲ್ಲಿ ಇವೆಲ್ಲವನ್ನೂ ಹನ್ನೆರಡು ಗುಂಡಿ ಮತ್ತು ರಿಸೀವರ್ ಇಡುವ ಕೊಂಡಿಯಿಂದಲೇ ಮಾಡಬೇಕು.

ಗುಂಡಿಗಳ ವಿಷಯದಲ್ಲಿ ತಕರಾರಿಲ್ಲ. ಅಮೆರಿಕದ ಬೆಲ್ ಸಂಸ್ಥೆ 1963ರಲ್ಲಿ ಗುಂಡಿ ದೂರವಾಣಿಯನ್ನು ಬಳಕೆಗೆ ತರುವ ಮುನ್ನ, ಗುಂಡಿಗಳನ್ನು ಹೇಗೆಲ್ಲ ಜೋಡಿಸಬಹುದೆಂದು ಬಳಸುವವರ ಕೈಯಲ್ಲೇ ಪರೀಕ್ಷಿಸಿ ನೋಡಿತ್ತು. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ಗಳ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಬೇರೆ ಯಾವ ಗುಂಡಿಗೂ ಈ ಜೋಡಿ ಇಲ್ಲ. ಆದ್ದರಿಂದ ಯಂತ್ರಕ್ಕೆ ಗೊಂದಲವಾಗುವುದಿಲ್ಲ.

ಗೊಂದಲವಿರುವುದು ಕೊಂಡಿಯಲ್ಲಿ. ರಿಸೀವರ್ ಎತ್ತಿದಾಗ ಮಂಡಲ ಪೂರ್ಣಗೊಂಡು ನೇರ ವಿದ್ಯುತ್ ಹರಿಯುತ್ತದೆ. ಕೊಂಡಿ ಒತ್ತಿದರೆ ಅದು ಕಡಿಯುತ್ತದೆ. ಎಷ್ಟು ಹೊತ್ತು ಕಡಿಯಿತು ಎಂಬುದೊಂದೇ ಯಂತ್ರಕ್ಕೆ ಸಿಗುವ ಸುಳಿವು. ಸುಮಾರು 60 ಮಿಲಿಸೆಕೆಂಡ್ ಕಡಿದರೆ ಹಳೆಯ ತಿರುಗು ಡಯಲಿನ ಒಂದು ಸ್ಪಂದ, ಅಂದರೆ ಅಂಕಿ 1. ಹಲವು ವ್ಯವಸ್ಥೆಗಳಲ್ಲಿ ಸುಮಾರು 600 ಮಿಲಿಸೆಕೆಂಡ್ ಕಡಿದರೆ ‘ಈ ಕರೆಯನ್ನು ತಡೆದು ನಿಲ್ಲಿಸು’ ಎಂಬ ಆಜ್ಞೆ. ಇನ್ನೂ ದೀರ್ಘವಾದರೆ ಮಾತು ಮುಗಿಯಿತೆಂದು ಅರ್ಥ. ಬೆರಳ ತುದಿಯಿಂದ ಅರ್ಧ ಸೆಕೆಂಡನ್ನು ಅಳೆಯುವ ಕೆಲಸವನ್ನು ಗುಮಾಸ್ತರಿಗೆ ವಹಿಸಿದ್ದು ಯಾವ ನ್ಯಾಯ? ಅದನ್ನು ತಾನೇ ಅಳೆಯುವ ‘ಫ್ಲ್ಯಾಶ್’ ಗುಂಡಿ ಕೆಲವು ಫೋನುಗಳಲ್ಲಿದೆ, ನಿಜ. ಆದರೆ ಬ್ರಿಟನ್ನಿನ ಪದ್ಧತಿಯಲ್ಲಿ ಅದರ ಅವಧಿ ಸುಮಾರು 100 ಮಿಲಿಸೆಕೆಂಡ್. ಅಂಥ ಫೋನನ್ನು 600ಕ್ಕೆ ಕಾಯುವ ಯಂತ್ರಕ್ಕೆ ಜೋಡಿಸಿದರೆ, ಗುಂಡಿ ಇದ್ದೂ ಇಲ್ಲದಂತೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಕಚೇರಿ ದೂರವಾಣಿಯನ್ನೇ ಕೆಟ್ಟ ವಿನ್ಯಾಸಕ್ಕೆ ಉದಾಹರಣೆಯಾಗಿ ಎತ್ತಿಕೊಂಡರು. ಸೌಲಭ್ಯ ಕಣ್ಣಿಗೆ ಕಾಣುವುದಿಲ್ಲ, ಒತ್ತಿದ ಮೇಲೆ ಏನಾಯಿತೆಂದು ತಿಳಿಯುವುದೂ ಇಲ್ಲ ಎಂಬುದು ಅವರ ಆಕ್ಷೇಪ.

ಎರಡನೆಯ ದೋಷವೇ ಹೆಚ್ಚು ಅಪಾಯಕಾರಿ. ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಪರೀಕ್ಷಾ ವಿಭಾಗದವರು ತಮ್ಮ ಕರೆಗಳನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಪ್ರಯೋಗಾಲಯಕ್ಕೆ ತಿರುಗಿಸಿಕೊಂಡು, ರದ್ದು ಮಾಡಲು ಮರೆತರು. ಹಾಲ್ ಟಿಕೆಟ್ ಬಾರದ ವಿದ್ಯಾರ್ಥಿಗಳ ಕರೆಗಳು ಮೂರು ದಿನ ಬೀಗ ಹಾಕಿದ ಕೋಣೆಯಲ್ಲಿ ರಿಂಗಾದವು. ಮೇಜಿನ ಮೇಲಿನ ಫೋನು ಎಂದಿನಂತೆಯೇ ಕಾಣುತ್ತಿತ್ತು. ಒಂದು ಪುಟ್ಟ ಕೆಂಪು ದೀಪವಿದ್ದರೆ ಸಾಕಿತ್ತು. ರದ್ದುಮಾಡುವ ಸಂಕೇತವೋ, ಗಾಜಿನಡಿ ಇಟ್ಟ ಇಂಗ್ಲಿಷ್ ಚೀಟಿಯಲ್ಲಿ ಮಾಸಿಹೋಗಿತ್ತು. ಇಂಥ ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಒಂದು ಕಚೇರಿಯಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಒಂದು ಸೌಲಭ್ಯವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ವರ್ಗಾಯಿಸಿದ ಕರೆಯನ್ನು ಅತ್ತ ಯಾರೂ ಎತ್ತದಿದ್ದರೆ, ಸ್ವಲ್ಪ ಹೊತ್ತಿನ ಬಳಿಕ ಅದು ಕಳಿಸಿದವರಿಗೇ ಮರಳುತ್ತದೆ. ಮನುಷ್ಯ ತಪ್ಪುತ್ತಾನೆಂದು ಮೊದಲೇ ಎಣಿಸಿದ ಎಂಜಿನಿಯರ್ ಯಾರೋ ಇದನ್ನು ಮಾಡಿರಬೇಕು.

ತೆರೆಯುಳ್ಳ ಐ.ಪಿ. ಫೋನುಗಳಲ್ಲಿ ಆಜ್ಞೆಗಳು ಅಕ್ಷರಗಳಲ್ಲೇ ಮೂಡುತ್ತವೆ. ಕೊಂಡಿಯ ಲೆಕ್ಕಾಚಾರ ಬೇಕಿಲ್ಲ. ಆದರೂ ನಿಮ್ಮ ಶಾಲೆಗೆ ಹೊಸ ವ್ಯವಸ್ಥೆ ಕೊಳ್ಳುವ ಮುನ್ನ ಸೌಲಭ್ಯಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಅಟೆಂಡರ್ ಕೈಗೆ ಫೋನ್ ಕೊಟ್ಟು, ಕೈಪಿಡಿ ನೋಡದೆ ಒಂದು ಕರೆ ವರ್ಗಾಯಿಸಲು ಹೇಳಿ. ಮಾರಲು ಬಂದವರು ಆಗ ಬಾಯಿ ಹಾಕದಂತೆ ನೋಡಿಕೊಳ್ಳಿ.