ಮೋಟಾರು ಬಿಚ್ಚಿ, ಹಿಡಿಕೆ ಕೂರಿಸಿ

ಹಳೆಯ ಸಿಂಗರ್ 99ಕೆ ಹೊಲಿಗೆ ಯಂತ್ರ ಕೊಳ್ಳಲು ಹೋದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಅದರ ಚಿನ್ನದ ಬಣ್ಣದ ಚಿತ್ತಾರದ ಮೇಲೆ. ನಾನು ನೋಡುವುದು ಕಂಬದ ಬಲಗಡೆ, ಗಾಲಿಯ ಕೆಳಗಿರುವ ಉಬ್ಬನ್ನು. ಅದರಲ್ಲಿ ತಿರುಪಿನ ಒಂದು ತೂತಿದೆ. ಮೋಟಾರು ಕೂತಿರುವುದು ಅಲ್ಲೇ, ಮೋಟಾರಿನ ಬದಲು ಕೈಯಿಂದ ತಿರುಗಿಸುವ ಹಿಡಿಕೆ ಕೂರುವುದೂ ಅಲ್ಲೇ.

ಹೆಸರಿನ ತುದಿಯ ‘ಕೆ’ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಈ ಮಾದರಿ ಕೈಮಿಷನ್ನಾಗಿಯೂ ಮಾರಾಟವಾಗುತ್ತಿತ್ತು, ಮೋಟಾರು ಹಾಕಿಕೊಂಡೂ ಬರುತ್ತಿತ್ತು. ಸೂಜಿ, ಬಾಬಿನ್, ಬಟ್ಟೆ ಎಳೆಯುವ ಹಲ್ಲು ಎರಡರಲ್ಲೂ ಒಂದೇ. ಹಾಗಾಗಿ ಮೋಟಾರು ತೆಗೆದರೆ ಹಳೆಯ ಯಂತ್ರ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಶಕಗಳ ಹಳೆಯ ತಂತಿಯ ರಬ್ಬರು ಒಣಗಿ ಉದುರುತ್ತಿರುವಾಗ ಅದಕ್ಕೆ ಕರೆಂಟು ಕೊಡುವುದೇ ತಪ್ಪು.

ಪ್ಲಗ್ಗು ಕಿತ್ತು, ಮೋಟಾರನ್ನೂ ದೀಪವನ್ನೂ ಬಿಚ್ಚಿಡಿ. ಆಮೇಲೆ ಗಾಲಿ. ಮೋಟಾರಿನ ಯಂತ್ರಗಳಲ್ಲಿ ಹೆಚ್ಚಾಗಿ ಇಡಿಯಾದ ಗಾಲಿ ಇರುತ್ತದೆ. ಹಿಡಿಕೆಯ ಬೆರಳು ಗಾಲಿಯ ಕಡ್ಡಿಗಳ ನಡುವೆ ತೂರಿ ಅದನ್ನು ತಳ್ಳಬೇಕಾದ್ದರಿಂದ, ಕಡ್ಡಿಗಳಿರುವ ಗಾಲಿಯೇ ಬೇಕು. ನಮ್ಮಲ್ಲಿ ಕೈಮಿಷನ್ ಇನ್ನೂ ಮಾರಾಟದಲ್ಲಿರುವುದರಿಂದ ಹಿಡಿಕೆ, ಕಡ್ಡಿಗಳ ಗಾಲಿ ಎರಡೂ ಸಿಗುವುದು ಕಷ್ಟವಲ್ಲ. ಹಳೆಯ ಗಾಲಿಯನ್ನು ಅಂಗಡಿಗೆ ಕೊಂಡೊಯ್ದು ನಡುವಿನ ತೂತಿನ ಅಳತೆ ಸರಿಹೋಗುತ್ತದೆಯೇ ನೋಡಿ. ಹಿಡಿಕೆಯ ಹಲ್ಲುಗಾಲಿಗಳನ್ನು ತಿರುಗಿಸಿಯೇ ಕೊಳ್ಳಿ. ಎರಕ ಒರಟಾಗಿದ್ದರೆ ಗರಗರ ಸದ್ದು ಹೊಲಿಯುವಾಗಲೂ ತಪ್ಪದು. ಹಳೆಯ ಸಿಂಗರ್ ಹಿಡಿಕೆ ಸಿಕ್ಕರೆ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ.

ಗಾಲಿಯ ನಡುವಿನ ಬಿರಡೆಯನ್ನು ಬಿಚ್ಚುವ ಮೊದಲು ಅದರ ಅಂಚಿನ ಪುಟ್ಟ ಸ್ಕ್ರೂ ಸಡಿಲಿಸಬೇಕು. ಒಳಗೆ ಕಿವಿಗಳಿರುವ ವಾಷರ್ ಇದೆ. ಅದು ಕೂತಿದ್ದ ಬಗೆಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ. ಮರಳಿ ಹಾಕುವಾಗ ವ್ಯತ್ಯಾಸವಾದರೆ ಬಿರಡೆ ಬಿಗಿದರೂ ಗಾಲಿ ಸೂಜಿಯನ್ನು ಓಡಿಸುವುದಿಲ್ಲ, ಇಲ್ಲವೇ ಸಡಿಲಿಸಿದರೂ ಬಾಬಿನ್‌ಗೆ ದಾರ ಸುತ್ತುವಾಗ ಸೂಜಿ ನಿಲ್ಲುವುದಿಲ್ಲ. ಆಗ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯಂತ್ರಕ್ಕೆ ಮಷೀನ್ ಎಣ್ಣೆ, ಹಿಡಿಕೆಯ ಹಲ್ಲುಗಳಿಗೆ ಗ್ರೀಸ್.

ಹಿಡಿಕೆಯನ್ನು ಮುಂದಕ್ಕೆ, ನಿಮ್ಮಿಂದಾಚೆಗೆ ತಿರುಗಿಸಬೇಕು; ಗಾಲಿ ನಿಮ್ಮ ಕಡೆಗೆ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು ಮೂರು ಹೊಲಿಗೆ. ಕಾಲರಿನ ಮೂಲೆಯಲ್ಲಿ ಸೂಜಿಯನ್ನು ಬೇಕಾದ ಎಳೆಯಲ್ಲೇ ನಿಲ್ಲಿಸಬಹುದು. ಜೀನ್ಸಿನ ದಪ್ಪ ಮಡಿಕೆಯಲ್ಲಿ ಸೂಜಿ ತಡವರಿಸಿದರೆ ಅದು ಮುರಿಯುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ. ಮೋಟಾರಿಗೆ ಆ ಸ್ಪರ್ಶವಿಲ್ಲ. ಮಕ್ಕಳಿಗೆ ಹೊಲಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಯಂತ್ರ ನಾನು ಕಂಡಿಲ್ಲ. ಆದರೆ ಬಲಗೈ ಹಿಡಿಕೆಗೇ ಮೀಸಲು, ಬಟ್ಟೆ ನಡೆಸಲು ಎಡಗೈ ಒಂದೇ. ಹಾಗಾಗಿ ಕಿಟಕಿ ಪರದೆಯ ಉದ್ದನೆಯ ಅಂಚನ್ನು ಇದರಲ್ಲಿ ಹೊಲಿಯಲು ಹೋಗಬೇಡಿ.

ಎಲ್ಲ ಸಿಂಗರ್‌ಗೂ ಈ ಬದಲಾವಣೆ ಹೊಂದದು. 201-2 ಮತ್ತು 15-91 ಮಾದರಿಗಳಲ್ಲಿ ಮೋಟಾರು ಬೆಲ್ಟಿನಿಂದಲ್ಲ, ಹಲ್ಲುಗಾಲಿಯಿಂದಲೇ ಯಂತ್ರಕ್ಕೆ ಕೂಡಿಕೊಂಡಿದೆ. ಅವನ್ನು ಹಾಗೆಯೇ ಬಿಟ್ಟು, ನುರಿತವರಿಂದ ತಂತಿ ಬದಲಿಸಿಕೊಳ್ಳಿ. 99ಕೆಯಿಂದ ಬಿಚ್ಚಿದ ಗಾಲಿ, ಮೋಟಾರುಗಳನ್ನು ಗುಜರಿಗೆ ಹಾಕದೆ ಒಂದು ಡಬ್ಬಿಯಲ್ಲಿಡಿ. ಮುಂದೆ ಯಂತ್ರ ಕೊಳ್ಳುವವರು ಅವನ್ನು ಕೇಳಬಹುದು.